ರಾಶಿ ಪೂಜೆಗೆ ತೆರೆದ ಬಾಗಿಲು

ಶಿಗ್ಗಾಂವದಲ್ಲಿ ಹೆದ್ದಾರಿಗೆ ಹತ್ತಿದ ಒಂದು ಅಂಗಳ. ಬಾಗಿಲು ಹಾಕಿದ ಲಾರಿಯ ಡಬ್ಬಿಯೊಳಗೆ ಒಬ್ಬಳೇ ನಿಂತು ನಾನು ಬೆಳಕು ಹುಡುಕುತ್ತಿದ್ದೆ. ಶೀತಲ ಲಾರಿಯನ್ನು ಪರೀಕ್ಷಿಸುವಾಗ ಮೊದಲು ಮಾಡುವ ಕೆಲಸ ಇದು. ಬಿಸಿಲು ಜೋರಾಗಿರುವ ಹೊತ್ತು ನೋಡಿ ಒಳಗೆ ಹೋಗಬೇಕು, ಹೊರಗಿನಿಂದ ಬಾಗಿಲು ಹಾಕಿಸಬೇಕು, ಕಣ್ಣು ಕತ್ತಲಿಗೆ ಹೊಂದುವ ತನಕ ಸುಮ್ಮನೆ ನಿಲ್ಲಬೇಕು. ಬೆಳಕು ಎಲ್ಲಿಂದ ಒಳಗೆ ಬರುತ್ತದೋ ಅಲ್ಲಿಂದ ಥಂಡಿ ಹೊರಗೆ ಹೋಗುತ್ತದೆ. ಬಲಬಾಗಿಲಿನ ಕೆಳಮೂಲೆಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಕಂಡಿತು. ಒಳಗಿನಿಂದ ಬಡಿದೆ. ತೆಗೆದರು.

“ಕೆಳಗಿನ ಮೂಲ್ಯಾಗ ಬೆಳಕು ಬರಾಕತ್ತೈತ್ರಿ,” ಎಂದೆ.

ಲಾರಿಯ ಮಾಲೀಕರು ಐವತ್ತು ದಾಟಿದ ಮನುಷ್ಯ, ದೊಡ್ಡ ದನಿ, ಸಿಟ್ಟು ಮೂಗಿನ ಮೇಲೆ. “ಅದು ಬೆಳಕಲ್ಲವ್ವಾ. ಕತ್ತಲ್ಯಾಗ ನಿಂತ್ರ ಕಣ್ಣು ಹಂಗ ಆಟಾ ಆಡ್ತಾವು. ಈ ಗಾಡ್ಯಾಗ ಐಸ್‌ಕ್ರೀಮ್ ಹೋಗ್ಯಾವು, ಒಂದ ಹನಿ ಕರಗಿಲ್ಲ.”

“ಹಂಗಾದ್ರ ನೀವ ಒಳಗ ನಿಂದರ್ರಿ. ನಾ ಬಾಗಿಲಾ ಹಾಕ್ತೇನಿ.”

ಹೋಗಿ ನಿಂತರು. ಆಮೇಲೆ ಒಳಗಿನಿಂದ ಒಂದು ಗುದ್ದು. ಹೊರಗೆ ಇಳಿಯುತ್ತ ಡ್ರೈವರನ ಕಡೆ ತಿರುಗಿ, “ಈ ರಬ್ಬರ್ ಕಿತ್ತು ಹೊಸಾದು ಹಾಕಸೋ,” ಎಂದರು. ಆಮೇಲೆ ನನಗೆ ಕೇಳುವಷ್ಟೇ ದನಿಯಲ್ಲಿ, “ಇಂಥಾಕಿ ಸೊಸಿಯಾಗಿ ಹೋದ ಮನೀನ ದೇವರ ಕಾಯಬೇಕು.”

ನನಗೆ ಒಳಗೊಳಗೇ ಖುಷಿಯಾಗಿತ್ತು. ಮುಚ್ಚಿಡುವುದಿಲ್ಲ.

ನಾನು ಹಾನಗಲ್ಲಿನ ಒಂದು ರೈತರ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಕೊಯ್ದ ಹಣ್ಣು ಕೊಳ್ಳುವವರ ಕೈ ಸೇರುವ ತನಕದ ಹೊಣೆ ನನ್ನದು. ಸದಸ್ಯರಲ್ಲಿ ಹೆಚ್ಚಿನವರು ಹಾನಗಲ್ಲಿನ ಮಾವಿನ ತೋಟದವರು. ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆಯವರೂ ಇದ್ದಾರೆ. ಹಿಂದೆಲ್ಲ ಗಿಡದಲ್ಲಿ ಹೂ ಇದ್ದಾಗಲೇ ವ್ಯಾಪಾರಸ್ಥರು ಬಂದು ತೋಟವನ್ನೇ ಗುತ್ತಿಗೆ ಹಿಡಿಯುತ್ತಿದ್ದರು. ಆ ವರ್ಷ ಮೊದಲ ಸಲ ಉತ್ತರ ಭಾರತದ ಒಂದು ದೊಡ್ಡ ಊರಿನ, ಹತ್ತಾರು ಮಳಿಗೆಗಳಿರುವ ಕಂಪನಿಯವರು ನಮ್ಮ ಆಪೂಸ್ ಮಾವನ್ನು ನೇರವಾಗಿ ಕೊಳ್ಳಲು ಒಪ್ಪಿದ್ದರು. ಮೂರು ದಿನದ ದಾರಿ. ಮೇ ತಿಂಗಳ ಬಿಸಿಲು. ಲಾರಿ ಆರಿಸುವ ಕೆಲಸ ನನಗೆ ಬಂತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಶೀತಲ ಲಾರಿ ಹಣ್ಣನ್ನು ತಂಪು ಮಾಡುವುದಿಲ್ಲ. ಮೊದಲೇ ತಂಪಾದ ಹಣ್ಣನ್ನು ತಂಪಾಗಿಯೇ ಒಯ್ಯುತ್ತದೆ, ಅಷ್ಟೇ. ತೋಟದಿಂದ ಬಂದ ಕಾಯಿಯನ್ನು ತೊಳೆದು, ಒಣಗಿಸಿ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ಅದರ ಒಳಗಿನ ತಿರುಳು ಹದಿಮೂರು ಡಿಗ್ರಿಗೆ ಇಳಿದ ಮೇಲೆಯೇ ಲಾರಿಗೆ ಏರಿಸಬೇಕು. ಅದಕ್ಕಿಂತ ಬಹಳ ಕೆಳಗೆ ಇಳಿದರೆ ಸಿಪ್ಪೆ ಕಂದುತ್ತದೆ, ಮೇಲೆ ಏರಿದರೆ ದಾರಿಯಲ್ಲೇ ಮಾಗುತ್ತದೆ. ತಣ್ಣಗಿನ ಹಣ್ಣಿಗೆ ಹೊರಗಿನ ಬಿಸಿಗಾಳಿ ತಾಗಿದರೆ ಮೈತುಂಬ ಬೆವರುತ್ತದೆ. ಆ ನೀರೇ ವೈರಿ. ಪೆಟ್ಟಿಗೆಯ ರಟ್ಟು ಮೆತ್ತಗಾಗುತ್ತದೆ, ಸಿಪ್ಪೆಯ ಮೇಲೆ ಕರಿ ಚುಕ್ಕೆ ಏಳುತ್ತವೆ. ಒಮ್ಮೆ ಹಾಗಾದರೆ ಲಾರಿಯ ಯಂತ್ರ ಎಷ್ಟೇ ಓಡಿದರೂ ಅದನ್ನು ಸರಿ ಮಾಡಲಾರದು.

ಇದನ್ನು ನಾನು ಓದಿ ಕಲಿತವಳು. ನಮ್ಮ ಮನೆತನದಲ್ಲಿ ಪದವಿ ಕಂಡ ಮೊದಲನೆಯವಳು ನಾನು. ಕಲಿತದ್ದನ್ನು ತೋರಿಸುವ ಚಟವೂ ಸ್ವಲ್ಪ ಇತ್ತು.

ಎರಡು ಕಡೆಯಿಂದ ದರಪಟ್ಟಿ ಬಂದಿದ್ದವು. ಒಂದು ಹುಬ್ಬಳ್ಳಿಯ ದೊಡ್ಡ ಕಂಪನಿ. ಅವರ ಪ್ರತಿನಿಧಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಲ್ಯಾಪ್‌ಟಾಪ್ ಹಿಡಿದು ಬಂದ. ಏನು ಕೇಳಿದರೂ ಅವನದು ಒಂದೇ ಉತ್ತರ.

“ದಾರಿಯುದ್ದಕ್ಕೂ ತಾಪಮಾನ ದಾಖಲಾಗಬೇಕು.”

“ಆಗ್ತದ್ರಿ ಮೇಡಂ.”

“ಯಂತ್ರ ದಾರ್ಯಾಗ ಕೆಟ್ರ ಬ್ಯಾರೆ ಗಾಡಿ ಬರಬೇಕು.”

“ಆಗ್ತದ್ರಿ.”

“ನಮ್ಮ ಲೋಡಿಗೆ ಬರೋ ಗಾಡಿ ಈಗ ನೋಡಬಹುದೇನ್ರಿ?”

ಅದೊಂದು ಆಗಲಿಲ್ಲ. ಗಾಡಿಗಳು ರೋಡಿನ ಮೇಲಿದ್ದವು. ಆ ದಿನ ಯಾವುದು ಖಾಲಿ ಇರುತ್ತದೋ ಅದು ಬರುತ್ತಿತ್ತು. ಅದರಲ್ಲಿ ಹಿಂದಿನ ದಿನ ಏನು ತುಂಬಿತ್ತು ಎಂದು ಕೇಳಿದೆ. ಮೀನಿನ ವಾಸನೆ ಹತ್ತಿದ ಡಬ್ಬಿಯಲ್ಲಿ ಮಾವು ಇಟ್ಟರೆ ಮುಗಿಯಿತು. ಆತ ನಕ್ಕು, “ಎಲ್ಲಾ ತೊಳದ ಕಳಸ್ತೇವ್ರಿ,” ಎಂದ.

ಇನ್ನೊಂದು ಶಿಗ್ಗಾಂವದ್ದು. ಎರಡೇ ಗಾಡಿ, ಮಾಲೀಕರೇ ಎಲ್ಲ. ನಾನು ಬೆಳಕು ಹುಡುಕಿದ ಡಬ್ಬಿ ಅವರದು. ರಬ್ಬರ್ ಬದಲಾದ ಮೇಲೆ ಖಾಲಿ ಗಾಡಿಯನ್ನೇ ಬಿಸಿಲಿಗೆ ನಿಲ್ಲಿಸಿ, ಯಂತ್ರ ಹಚ್ಚಿಸಿ, ಒಳಗಿನ ನಾಲ್ಕೂ ಮೂಲೆಗೆ ಥರ್ಮಾಮೀಟರ್ ಇಟ್ಟು ನೋಡಿದೆ. ಹಿಂದಿನ ಎಡಮೂಲೆ ತಣ್ಣಗಾಗಲು ತಡ ಮಾಡಿತು. ಗಾಳಿ ಒಯ್ಯುವ ಬಟ್ಟೆಯ ಕೊಳವೆ ಅಲ್ಲಿ ಹರಿದಿತ್ತು. ಅದನ್ನೂ ಹೊಲಿಸಿದರು, ಬೈಯುತ್ತಲೇ. ಕರಾರು ಮಾಡುವಾಗ ಅವರು ನನಗೇ ತಿರುಗಿ ಪ್ರಶ್ನೆ ಹಾಕಿದರು: ಹಣ್ಣು ಎಷ್ಟು ತಣ್ಣಗಿರುತ್ತದೆ, ಪೆಟ್ಟಿಗೆಗೆ ತೂತು ಇವೆಯೋ ಇಲ್ಲವೋ, ನಡುವೆ ಗಾಳಿ ಆಡಲು ಜಾಗ ಬಿಡುತ್ತೀರೋ ಇಲ್ಲವೋ. ನನ್ನ ಉತ್ತರ ಕೇಳಿ ತಲೆ ಆಡಿಸಿದರು. ಕರಾರಿನಲ್ಲಿ ನಾನೇ ಒಂದು ಷರತ್ತು ಸೇರಿಸಿದೆ: ಬಾಗಿಲು ಹಾಕಿ ಸೀಲ್ ಆದ ಮೇಲೆ ಕೊಳ್ಳುವವರ ಊರು ಮುಟ್ಟುವ ತನಕ ಯಾವ ಕಾರಣಕ್ಕೂ ತೆರೆಯುವಂತಿಲ್ಲ.

ನಮ್ಮ ಕಂಪನಿಯ ಅಧ್ಯಕ್ಷರು ಹಾನಗಲ್ಲಿನ ದೊಡ್ಡ ತೋಟದವರು, ಊರಿನ ಗೌಡರು. ಅವರ ಮನಸ್ಸು ಹುಬ್ಬಳ್ಳಿಯ ಕಡೆ ಇತ್ತು. “ಹೆಸರಿದ್ದವರನ್ನ ಬಿಟ್ಟು ಎರಡ ಗಾಡಿ ಇದ್ದವನ ಬೆನ್ನ ಹತ್ತೂದೇನವ್ವಾ?” ಎಂದು ಸಭೆಯಲ್ಲಿ ಕೇಳಿದರು. ನಾನು ಎದ್ದು ನಿಂತು ಎಲ್ಲವನ್ನೂ ವಿವರಿಸಿದೆ. ಕೊನೆಗೆ ಒಪ್ಪಿದರು. “ಆತು. ನೀ ಕಲ್ತಾಕಿ. ನಿನ್ನ ಮಾತಿನ ಮ್ಯಾಲೆ ಹೊಂಟೇವಿ. ಕೆಟ್ರ ನಿನ್ನ ಮಾರಿನ ನೋಡ್ತೇವಿ.”

ಲೋಡಿನ ದಿನ ಅಪ್ಪನಿಗೆ ನಾನೇ ಬಾ ಎಂದಿದ್ದೆ.

ಅಪ್ಪ ಹಿರೇಕೆರೂರಿನ ಮಾರ್ಕೆಟಿನಲ್ಲಿ ಗೋವಿನಜೋಳದ ಅಡತಿ ಅಂಗಡಿಗಳಲ್ಲಿ ಚೀಲ ಹೊರುವ ಹಮಾಲಿ ಮಾಡಿ ನನ್ನನ್ನು ಓದಿಸಿದವನು. ಈಗ ಬೆನ್ನು ಕೈಕೊಟ್ಟು ಮನೆಯಲ್ಲಿದ್ದಾನೆ. ಬಿಳಿ ಧೋತರ, ಟೊಪ್ಪಿಗೆ, ತೊಳೆದ ಟವೆಲು ಹಾಕಿಕೊಂಡು ಬೆಳಗಿನ ಬಸ್ಸಿಗೆ ಬಂದಿಳಿದ. ಗಾಡಿಯನ್ನು ಸುತ್ತು ಹಾಕಿ ನೋಡಿ, ಪೆಟ್ಟಿಗೆ ಏರಿಸುವ ಹುಡುಗರಿಗೆ ಏನೋ ಹೇಳಹೋಗಿ, ನನ್ನ ಕಡೆ ನೋಡಿ ಸುಮ್ಮನಾಗಿ, ಗೋಡೆಯ ನೆರಳಿಗೆ ಹೋಗಿ ನಿಂತ.

ಲೋಡು ನಾನು ಬಯಸಿದ ಹಾಗೆಯೇ ಆಯಿತು. ಬಿಸಿಲು ಏರುವ ಮುಂಚೆ, ಕೋಲ್ಡ್ ಸ್ಟೋರೇಜಿನ ಬಾಯಿಗೆ ಗಾಡಿಯ ಬಾಯಿ ಹಚ್ಚಿ, ಸಂದಿಗೆ ತಾಡಪತ್ರಿ ಕಟ್ಟಿ ಏರಿಸಿದೆವು. ಸಾಲು ಬಿಟ್ಟು ಸಾಲು ಹಣ್ಣಿಗೆ ಸೂಜಿಯಂಥ ಥರ್ಮಾಮೀಟರ್ ಚುಚ್ಚಿ ನೋಡಿದೆ. ಹದಿಮೂರು, ಹದಿಮೂರು, ಹದಿಮೂರೂವರೆ. ಬಾಗಿಲು ಹಾಕಿಸಿ ನನ್ನ ಕೈಯಿಂದಲೇ ಸೀಲ್ ಒತ್ತಿದೆ. ಗಾಡಿಯನ್ನು ಅಂಗಳದ ನಡುವೆ ತಂದು ನಿಲ್ಲಿಸಿದರು. ಅಷ್ಟೊತ್ತಿಗೆ ಎರಡು ಟೆಂಪೋ ತುಂಬ ಮಂದಿ ಬಂದಿಳಿದರು. ತೋಟದವರು, ಅವರ ಹೆಣ್ಣುಮಕ್ಕಳು, ಮುದುಕರು. ಹಿಂದೆ ಅಧ್ಯಕ್ಷರು.

“ಅಲಲಾ, ಬಾಗಿಲಾ ಯಾಕ ಹಾಕೀರಿ? ಪೂಜಿ ಆಗಬೇಕಲ್ಲ!”

“ಗಾಲಿಗೆ ಮಾಡೋಣ್ರಿ ಗೌಡ್ರ,” ಎಂದೆ.

“ಗಾಲೀದು ಡ್ರೈವರ್ ನೋಡ್ಕೋತಾನ. ಇದು ನಮ್ಮ ರಾಶಿ. ರಾಶಿ ಮುಚ್ಚಿಟ್ಟು ಯಾರರ ಪೂಜಿ ಮಾಡ್ಯಾರೇನು? ಲಕ್ಷ್ಮಿಗೆ ಬಾಗಿಲಾ ಹಾಕಿ ಹೊರಗ ನಿಂತು ಊದಿನಕಡ್ಡಿ ಹಚ್ಚೂದೇನು?”

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಣದಲ್ಲಿ ಕಾಳು ತೂರಿ ಗುಡ್ಡೆ ಹಾಕಿದ ಮೇಲೆ, ಅದನ್ನು ಅಳೆಯುವ ಮುಂಚೆ, ರಾಶಿಗೆ ಪೂಜೆ ಆಗಲೇಬೇಕು. ಕಣ್ಣಿಗೆ ಕಾಣಬೇಕು, ಅರಿಷಿಣ ಕುಂಕುಮ ಅದರ ಮೈಗೇ ಹತ್ತಬೇಕು. ಜೋಳಕ್ಕೆ ಇದ್ದದ್ದು ಮಾವಿಗೆ ಯಾಕಿಲ್ಲ? ತೋಟದವರ ಮೊದಲ ಸ್ವಂತ ರಾಶಿ ಅದು. ಅವರ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಕೋಲ್ಡ್ ಸ್ಟೋರೇಜಿನೊಳಗೆ, ಏರಿಸುವ ಮುಂಚೆ ಮಾಡಿಸಬಹುದಿತ್ತು. ಕೇಳಬೇಕಾಗಿದ್ದವಳು ನಾನು. ಗಾಳಿಯ ಕೊಳವೆ ಕೇಳಿದೆ, ಪೆಟ್ಟಿಗೆಯ ತೂತು ಕೇಳಿದೆ, ನಮ್ಮವರ ಪೂಜೆ ಕೇಳಲಿಲ್ಲ.

ಆದರೂ ಹೇಳಿದೆ. “ಗೌಡ್ರ, ಸೀಲ್ ಆಗೈತ್ರಿ. ಈಗ ತೆಗದ್ರ...”

ಅವರು ನನ್ನ ಮಾತು ಕೇಳುತ್ತಿರಲಿಲ್ಲ, ಅಂಗಳದ ತುಂಬ ಕಣ್ಣಾಡಿಸುತ್ತಿದ್ದರು. ಗೋಡೆಯ ನೆರಳಿನಲ್ಲಿ ನಿಂತ ಅಪ್ಪ ಕಂಡ. “ಅವರು ನಿಮ್ಮಪ್ಪ ಅಲ್ಲೇನು? ಬರ್ರಿ, ಇಲ್ಲೆ ಮುಂದ ಬರ್ರಿ! ಮಗಳು ತಂದ ಗಾಡಿ. ಪೂಜಿ ಅಪ್ಪನ ಕೈಲೇನ ಆಗಲಿ.”

ಮಂದಿ ದಾರಿ ಬಿಟ್ಟರು. ಅಪ್ಪ ಟವೆಲು ಸರಿಮಾಡಿಕೊಳ್ಳುತ್ತ ಬಂದ.

ಮಾರ್ಕೆಟಿನಲ್ಲಿ ರಾಶಿಗೆ ಪೂಜೆ ಆಗುವಾಗ ಹಮಾಲರು ಸರಿದು ನಿಲ್ಲಬೇಕು. ಕಾಯಿ ಒಡೆದ ಮೇಲೆ ಚೀಲ ತುಂಬಲು ಬರಬೇಕು. ಸಣ್ಣವಳಿದ್ದಾಗ ಬುತ್ತಿ ಒಯ್ದು ಕೊಡಲು ಹೋಗಿ ನಾನು ಅದನ್ನು ನೋಡಿದ್ದೇನೆ. ಅವನ ಬೆನ್ನ ಮೇಲೆ ಎಷ್ಟೋ ರಾಶಿ ಹೊತ್ತಿದ್ದ. ಒಂದಕ್ಕೂ ಅವನ ಕೈಯಿಂದ ಕುಂಕುಮ ಹತ್ತಿರಲಿಲ್ಲ. ಈಗ ಗೌಡರು ಕರೆದು ಮುಂದೆ ನಿಲ್ಲಿಸಿದ್ದರು, ಅದೂ ನನ್ನ ಸಲುವಾಗಿ.

ಡ್ರೈವರ್ ನನ್ನ ಹತ್ತಿರ ಬಂದ. “ಮೇಡಂ, ಏನ್ ಮಾಡೂಣ್ರಿ?”

ನಾನು ಕಿಸೆಯಿಂದ ಕಟರ್ ತೆಗೆದು ನನ್ನದೇ ಸೀಲನ್ನು ಕತ್ತರಿಸಿದೆ. “ಐದ ನಿಮಿಷ,” ಎಂದೆ.

ಅವನು ಯಂತ್ರ ಬಂದ್ ಮಾಡಿ ಎರಡೂ ಬಾಗಿಲು ತೆರೆದ. ಒಳಗಿನ ಥಂಡಿ ಬಿಳಿ ಹೊಗೆಯ ಹಾಗೆ ಹೊರಗೆ ಇಳಿಯಿತು. ಮಂದಿ ಓ ಎಂದರು. ಕೂದಲೆಳೆಯಷ್ಟು ಬೆಳಕನ್ನು ಸಹಿಸದವಳು ಆ ಹೊಗೆಯನ್ನು ನೋಡುತ್ತ ನಿಂತೆ.

ಪೂಜೆ ಸಾಮಾನು ಇತ್ತು, ಕಾಯಿ ಇರಲಿಲ್ಲ. ಒಬ್ಬರು ಬೈಕ್ ಮೇಲೆ ತರಲು ಹೋದರು. ಅಷ್ಟರಲ್ಲಿ ಹೆಣ್ಣುಮಕ್ಕಳು ಬಾಗಿಲ ಹತ್ತಿರ ಹೋಗಿ ಕೈ ಒಳಗಿಟ್ಟು ನೋಡಹತ್ತಿದರು. ಒಬ್ಬ ಅಜ್ಜಿ ಮುಖವನ್ನೇ ಒಳಗೆ ಹಾಕಿ, “ಯವ್ವಾ, ನಮ್ಮ ಮುದುಕನ್ನ ಇದರಾಗ ಕುಂಡ್ರಿಸಿ ಕಳಸ್ರೆ. ಸ್ವಲ್ಪ ತಣ್ಣಗಾಗಿ ಬರಲಿ,” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಯಿ ಬಂತು. ಅಪ್ಪ ಹಿಂದಿನ ಸಾಲಿನ ಪೆಟ್ಟಿಗೆಗಳಿಗೆ ಒಂದೊಂದಾಗಿ ಅರಿಷಿಣ ಕುಂಕುಮ ಹಚ್ಚಿದ, ಅವಸರ ಮಾಡದೆ, ಮೂರು ಬೆರಳು ಕೂಡಿಸಿ. ಕಾಯಿ ಒಂದೇ ಏಟಿಗೆ ಎರಡಾಯಿತು. ಆಮೇಲೆ ಫೋಟೋ. ಗೌಡರ ಜೊತೆ ಒಂದು, ತೋಟದವರ ಜೊತೆ ಒಂದು, ಹೆಣ್ಣುಮಕ್ಕಳದು ಬೇರೆ. ಗೌಡರು ನಾಲ್ಕು ಮಾತಾಡಿದರು.

“ಇನ್ನೂ ಎಷ್ಟೊತ್ತ್ರಿ ಮೇಡಂ?” ಡ್ರೈವರ್ ಮತ್ತೆ ಕೇಳಿದ.

“ಮುಗೀತು, ಮುಗೀತು.”

ಬಾಗಿಲು ಹಾಕುವಾಗ ಹಿಂದಿನ ಸಾಲಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ತೇವ ಹತ್ತಿತು. ಸೂಜಿ ನನ್ನ ಕಿಸೆಯಲ್ಲೇ ಇತ್ತು. ಒಂದು ಹಣ್ಣಿಗೆ ಚುಚ್ಚಿದ್ದರೆ ತಿಳಿಯುತ್ತಿತ್ತು. ತಿಳಿದಿದ್ದರೆ ಹಿಂದಿನ ಸಾಲುಗಳನ್ನು ಇಳಿಸಿ, ಒರೆಸಿ, ಮತ್ತೆ ಕೋಲ್ಡ್ ಸ್ಟೋರೇಜಿಗೆ ಹಾಕಿಸಬೇಕಾಗುತ್ತಿತ್ತು. ಇಡೀ ಮಧ್ಯಾಹ್ನದ ಕೆಲಸ, ಎಲ್ಲರ ಕಣ್ಣ ಮುಂದೆ, ಅಪ್ಪ ಹಚ್ಚಿದ ಕುಂಕುಮದ ಪೆಟ್ಟಿಗೆಗಳನ್ನೇ. ಚುಚ್ಚಲಿಲ್ಲ. ಹೊಸ ಸೀಲ್ ಒತ್ತಿದೆ. ಗಾಡಿ ಹೊರಟಿತು.

ಸಂಜೆ ಬಸ್ ಹತ್ತುವಾಗ ಅಪ್ಪ ತನ್ನ ಮೊಬೈಲಿನಲ್ಲಿ ಆ ಫೋಟೋಗಳನ್ನು ಹಾಕಿಸಿಕೊಂಡ.

ಗಾಡಿ ಕೊಳ್ಳುವವರ ಊರು ಮುಟ್ಟಿದ ದಿನ ಅಲ್ಲಿಯ ಗುಣಮಟ್ಟದ ಅಧಿಕಾರಿ ಫೋನ್ ಮಾಡಿದಳು. ಹಿಂದೆಯೇ ಚಿತ್ರ ಬಂದವು. ಮುಂದಿನ ಸಾಲುಗಳು ನಾನು ಏರಿಸಿದ ಹಾಗೆಯೇ ಇದ್ದವು. ಬಾಗಿಲ ಕಡೆಯ ಸಾಲುಗಳಲ್ಲಿ ಪೆಟ್ಟಿಗೆ ಕುಸಿದು ಒಂದರ ಮೇಲೊಂದು ಒರಗಿದ್ದವು. ಹಣ್ಣಿನ ಮೈ ತುಂಬ ಕರಿ ಚುಕ್ಕೆ, ಒಂದು ಮಗ್ಗುಲು ಹಳದಿ, ಇನ್ನೊಂದು ಹಸಿರು. ಅದಷ್ಟನ್ನೂ ಅವರು ತಿರಸ್ಕರಿಸಿದ್ದರು. ಕಾರಣ ಏನೆಂದು ಬರೆದು ಕೊಡಿ, ಎಂದಳು. ಅದನ್ನು ನೋಡಿದ ಮೇಲೆ ಈ ಸಾಗಣೆದಾರರನ್ನು ತಮ್ಮ ಪಟ್ಟಿಯಲ್ಲಿ ಇಟ್ಟುಕೊಳ್ಳಬೇಕೋ ಹೊಡೆದು ಹಾಕಬೇಕೋ ತೀರ್ಮಾನಿಸುತ್ತಾರಂತೆ. ಆಮೇಲೆಯೇ ಮುಂದಿನ ಲೋಡು.

ಅಧ್ಯಕ್ಷರಿಗೆ ತಿಳಿಸಿದೆ. ಅವರು ಬಹಳ ಹೊತ್ತು ಯೋಚಿಸಲಿಲ್ಲ. “ಅವನ ಮಷಿನ್ ಕೆಟ್ಟಿತ್ತಂತ ಬರಿ. ನಾ ಮೊದಲ ಹೇಳಿದ್ದೆ. ಹುಬ್ಬಳ್ಳಿಯವರಿಗೆ ಫೋನ್ ಹಚ್ಚು.” ಹಚ್ಚಬೇಕಾಗಲಿಲ್ಲ. ಹೇಗೋ ಸುದ್ದಿ ಮುಟ್ಟಿ ಅವರ ಪ್ರತಿನಿಧಿಯೇ ಫೋನ್ ಮಾಡಿದ. “ನಾಳೆ ಬೇಕಾದ್ರೂ ಗಾಡಿ ಆಗ್ತದ್ರಿ ಮೇಡಂ.”

ಆ ದಿನ ನಾನು ಬರೆದದ್ದು ಹೀಗಿತ್ತು: ‘ಸಾಗಣೆಯ ಹಂತದಲ್ಲಿ ತಾಪಮಾನದಲ್ಲಿ ಏರುಪೇರು ಉಂಟಾಗಿರುವುದು ಕಂಡುಬಂದಿದೆ.’ ಹತ್ತು ಸಲ ಓದಿ ನೋಡಿದೆ. ಒಂದಕ್ಷರ ಸುಳ್ಳಿಲ್ಲ. ಆದರೆ ಓದಿದವರು ಯಾರಾದರೂ ಲಾರಿಯವನನ್ನೇ ಹಿಡಿಯುತ್ತಾರೆ. ಓದು ನನಗೆ ಇದನ್ನೂ ಕಲಿಸಿತ್ತು.

ಸತ್ಯ ಬರೆಯಲು ಕೈ ಬರದಿದ್ದುದಕ್ಕೆ ನನ್ನ ಕೆಲಸದ ಭಯ ಅರ್ಧವಷ್ಟೇ. ಇನ್ನರ್ಧ ಅಪ್ಪ. ಪೂಜೆಗೆ ಬಾಗಿಲು ತೆರೆದದ್ದರಿಂದ ಹಣ್ಣು ಕೆಟ್ಟಿತು ಎಂದು ನಾನು ಬರೆದರೆ, ಊರ ಬಾಯಲ್ಲಿ ಅದು ಆ ಹಮಾಲ ಪೂಜೆ ಮಾಡಿದ್ದರಿಂದ ಹಣ್ಣು ಕೆಟ್ಟಿತು ಎಂದಾಗುತ್ತದೆ. ನಮ್ಮ ಮಂದಿ ನನಗೆ ಗೊತ್ತು.

ಬರೆದದ್ದನ್ನು ಕಳಿಸುವ ಮುಂಚೆ, ಅದರ ಜೊತೆ ಇಡಬೇಕಾದ ಲಾರಿಯ ತಾಪಮಾನದ ದಾಖಲೆ ತರಲು ಶಿಗ್ಗಾಂವಕ್ಕೆ ಹೋಗಲೇಬೇಕಿತ್ತು. ಮಾಲೀಕರು ಕೂಗಾಡುತ್ತಾರೆಂದು ಮೈ ಗಟ್ಟಿ ಮಾಡಿಕೊಂಡು ಹೋದೆ. ಕೂಗಾಡಲಿಲ್ಲ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಕಾಗದ ಮುಂದಿಟ್ಟರು. ಗೆರೆ ನಮ್ಮ ಹಾನಗಲ್ಲಿನ ಅಂಗಳದಲ್ಲೇ ಗುಡ್ಡದ ಹಾಗೆ ಎದ್ದು, ಗಾಡಿ ಹೊರಟ ಮೇಲೆ ನಿಧಾನ ಇಳಿದು, ಮುಂದೆ ಮೂರು ದಿನ ಸಪಾಟಾಗಿ ಓಡಿತ್ತು. ಅವರ ಯಂತ್ರ ತನ್ನ ಕೆಲಸ ಮಾಡಿತ್ತು.

“ನಮ್ಮ ಡ್ರೈವರ್ ಎಲ್ಲಾ ಹೇಳ್ಯಾನ. ನಿಮ್ಮಪ್ಪಾರು ಪೂಜಿ ಮಾಡಿದ್ರಂತ. ಛಲೋ ಆತು.”

ನಾನು ಕಾಗದವನ್ನು ನನ್ನ ಕಡೆ ಎಳೆದುಕೊಂಡೆ.

“ಆ ಪಟ್ಟ್ಯಾಗಿಂದ ನನ್ನ ಹೆಸರು ಹೊಡದ್ರ ಹಣ್ಣಿನ ಲೋಡು ನನಗ ಮತ್ಯಾರೂ ಕೊಡಂಗಿಲ್ಲ. ಈ ಎರಡು ಗಾಡಿ ಕೋಳಿ ಮಾಂಸ ಹೊತ್ಕೊಂಡು ತಿರಗಬೇಕು. ಒಮ್ಮೆ ಅದರ ವಾಸನಿ ಹತ್ತಿದ್ರ ಮುಗೀತು, ನಿನಗ ಗೊತ್ತೈತಿ. ನಾ ಕೈ ಮುಗಿಯಂಗಿಲ್ಲವ್ವಾ. ಒಂದ ಕೇಳ್ತೇನಿ.” ಮುಖ ಮುಂದೆ ತಂದರು. “ನನ್ನ ರಬ್ಬರಿನ್ಯಾಗ ಕೂದಲೆಳಿ ಬೆಳಕು ಹಿಡದಾಕಿ ನೀನು. ಅವತ್ತ ಅಷ್ಟ ದೊಡ್ಡ ಬಾಗಿಲಾ ಕಾಣಲಿಲ್ಲೇನು?”

ಕಾಗದ ಮಡಚಿಕೊಂಡು ಎದ್ದೆ. ಚಹಾ ಹಾಗೇ ಇತ್ತು. ಹಾನಗಲ್ಲಿಗೆ ಬಂದವಳೇ ಮೊದಲು ಬರೆದದ್ದನ್ನು ಅಳಿಸಿ, ಬೇರೆ ಬರೆದೆ. ‘ಸೀಲ್ ಆದ ಲಾರಿಯನ್ನು ನಮ್ಮ ಅಂಗಳದಲ್ಲಿ ಪೂಜೆಗಾಗಿ ತೆರೆಯಲಾಯಿತು. ಸೀಲ್ ಕತ್ತರಿಸಿದವಳು ನಾನು. ಹೀಗೆ ಮಾಡಬಾರದೆಂದು ನನಗೆ ತಿಳಿದಿತ್ತು. ಮತ್ತೆ ಹಾಕುವಾಗ ಹಣ್ಣಿನ ತಾಪಮಾನ ಪರೀಕ್ಷಿಸಲಿಲ್ಲ. ಸಾಗಣೆದಾರರ ಯಂತ್ರದಲ್ಲಿ ದೋಷವಿಲ್ಲ.’ ದಾಖಲೆ ಲಗತ್ತಿಸಿದೆ. ಯಾರ ಕೈಯಿಂದ ಪೂಜೆಯಾಯಿತೆಂದು ಬರೆಯಲಿಲ್ಲ. ಅಧ್ಯಕ್ಷರಿಗೆ ತೋರಿಸುವ ಮೊದಲೇ ಕೊಳ್ಳುವವರಿಗೆ ಕಳಿಸಿದೆ, ಶಿಗ್ಗಾಂವಕ್ಕೂ ಒಂದು ಪ್ರತಿ. ತೋರಿಸಿದ್ದರೆ ಅದು ಹಾಗೆ ಉಳಿಯುತ್ತಿರಲಿಲ್ಲ, ನನಗೂ ಅದನ್ನು ಉಳಿಸುವ ತಾಕತ್ತು ಇರುತ್ತಿರಲಿಲ್ಲ.

ಸಭೆಯಲ್ಲಿ ಅದನ್ನು ಓದಿದೆ. ಅಧ್ಯಕ್ಷರ ಮುಖ ಕೆಂಪಾಯಿತು.

“ನಮಗ ತೋರಸದ ಕಳಸೀದೇನು?”

“ಹೌದ್ರಿ.”

“ಲುಕ್ಸಾನು ಈಗ ನಮ್ಮ ತಲಿ ಮ್ಯಾಲೆ. ಗೊತ್ತೈತಿಲ್ಲ?”

“ಗೊತ್ತೈತ್ರಿ. ಕೆಡಿಸಿದವರು ನಾವ ಇದ್ದೇವ್ರಿ.”

ಸವಣೂರಿನ ನಿರ್ದೇಶಕರೊಬ್ಬರು, ವೀಳ್ಯದ ಎಲೆಬಳ್ಳಿಯ ತೋಟದವರು, ಬಾಯಲ್ಲಿನ ಎಲೆಯನ್ನು ಒಂದು ದವಡೆಗೆ ಸರಿಸಿ ಮಾತಾಡಿದರು. “ನಾವು ಎಲಿ ಕಟ್ಟಿ, ಬುಟ್ಟಿ ಬಾಯಿ ಹೊಲಿದ ಮ್ಯಾಲೆ ಹೆಣ್ಣು ಕೊಟ್ಟ ಮಾವ ಬಂದ್ರೂ ಬಿಚ್ಚಿ ತ್ವಾರಸಂಗಿಲ್ರಿ. ಗಾಳಿ ಹೊಕ್ರ ಎಲಿ ಹೋತು. ಗೌಡ್ರ, ಅವನ ಗಾಡಿ ಛಲೋ ಐತಿ ಅಂತ ಕಾಗದಾನ ಹೇಳಾಕತ್ತೈತಿ. ಛಲೋ ಗಾಡಿ ಬಿಟ್ಟು ಕಾಣದ ಗಾಡಿಗೆ ಯಾಕ ಹೋಗೂಣು? ಪೂಜಿ ಥಂಡಿ ಖೋಲ್ಯಾಗ ಮಾಡಿ ಆಮ್ಯಾಲ ಏರಿಸಿದ್ರಾತು.”

ಕೊಳ್ಳುವವರ ಉತ್ತರವೂ ಬಂದಿತ್ತು. ಸಾಗಣೆದಾರರ ಹೆಸರು ಪಟ್ಟಿಯಲ್ಲಿ ಉಳಿಯಿತು. ಮುಂದಿನ ಲೋಡು ಕಳಿಸಿ, ಸೀಲಿನ ಬಗ್ಗೆ ಎಚ್ಚರ, ಎಂದಿದ್ದರು. ಹುಬ್ಬಳ್ಳಿಯೋ ಶಿಗ್ಗಾಂವವೋ ಎಂದು ಕೈ ಎತ್ತಿಸಿದರು. ಶಿಗ್ಗಾಂವವೇ ಉಳಿಯಿತು. ಅಧ್ಯಕ್ಷರು ಕೈ ಎತ್ತಲಿಲ್ಲ, ತಡೆಯಲೂ ಇಲ್ಲ.

ಎಲ್ಲ ಮುಗಿಯಿತು ಎಂದುಕೊಂಡಾಗ ಹಿಂದಿನ ಸಾಲಿನಿಂದ ಯಾರೋ ಅಂದರು: “ಪೂಜಿ ಎಲ್ಲೆರ ಮಾಡ್ರಿ. ಈ ಸಲ ಮಾತ್ರ ಕೈ ನೋಡಿ ಮಾಡಸ್ರಿ.”

ಒಬ್ಬಿಬ್ಬರು ನಕ್ಕರು. ಕರೆದು ನಿಲ್ಲಿಸಿದವರು ಅಧ್ಯಕ್ಷರು. ಅವರು ಕಿಟಕಿಯ ಹೊರಗೆ ನೋಡಹತ್ತಿದರು.

ನಾನು ಎದ್ದೆ. “ಕೈ ಯಾರದರ ಇರಲಿ, ಬಾಗಿಲಾ ತೆರದ ಇರ್ತಿತ್ತು. ತೆಗಿಸಿದಾಕಿ ನಾನು. ಏನರ ಅನ್ನೂದಿದ್ರ ನನಗ ಅನ್ರಿ.”

ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅಪ್ಪನಿಗೊಂದು ಮಾನ ಸಿಗಲಿ ಎಂದು ಬಾಯಿ ಮುಚ್ಚಿಕೊಂಡವಳು ನಾನು. ಈಗ ನಾಲ್ಕು ತಾಲೂಕಿನ ಮಂದಿಯ ಮುಂದೆ ಅವನ ಕೈಯನ್ನೇ ಅಪಶಕುನ ಮಾಡಿ ನಿಲ್ಲಿಸಿದ್ದೆ.

ಎರಡನೇ ಲೋಡಿನ ಹಿಂದಿನ ದಿನ ಹಿರೇಕೆರೂರಿಗೆ ಹೋದೆ. ನನಗಿಂತ ಮುಂಚೆ ಮಾತು ಅಲ್ಲಿಗೆ ಮುಟ್ಟಿತ್ತು. ಅಪ್ಪ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದ. ಬಾ ಅಂದ, ನೀರು ಕುಡಿ ಅಂದ. ಎದುರಿಗೆ ಕುಳಿತು ನಾನೂ ಸುಲಿಯಹತ್ತಿದೆ.

“ಮಾರ್ಕೆಟ್ಟಿನ್ಯಾಗ ಅಂದ್ರು,” ಎಂದ ಅಪ್ಪ. “ನನ್ನ ಕೈ ಹತ್ತಿ ಹಣ್ಣು ಕೆಟ್ಟಾವಂತ.”

“ನಿನ್ನ ಕೈ ಅಲ್ಲಪ್ಪ. ಬಾಗಿಲಾ ತೆಗದದ್ದಕ್ಕ ಕೆಟ್ಟಾವು. ಬಿಸಿಗಾಳಿ ಹೊಕ್ಕು.”

“ಬಾಗಿಲಾ ತೆಗೀಬಾರದಿತ್ತೇನು?”

“ತೆಗೀಬಾರದಿತ್ತು.”

“ಅದು ನಿನಗ ಅವತ್ತ ಗೊತ್ತಿತ್ತೋ, ಆಮ್ಯಾಲ ಗೊತ್ತಾತೋ?”

“ಅವತ್ತ ಗೊತ್ತಿತ್ತು.”

ಅವನ ಬೆರಳು ನಿಂತಿತು. “ಮತ್ತ ಯಾಕ ಸುಮ್ಮನ ನಿಂತಿ?”

“ಗೌಡ್ರು ನಿನ್ನ ಕರದಿದ್ರು. ಎಲ್ಲಾರ ಮುಂದ ನಿಂತಿದ್ದಿ. ಮೊದಲನೆ ಸಲ... ಆವಾಗ ಬ್ಯಾಡ, ಹಿಂದ ಸರಿ ಅಂತ ನಾ ಹೆಂಗ ಅನ್ಲಿ ನಿನಗ?”

ಅಪ್ಪ ಒಂದು ಕಾಯಿ ಒಡೆದ. ಕಾಳು ಮೊರಕ್ಕೆ ಹಾಕಿದ. ಸಿಪ್ಪೆ ಕೈಯಲ್ಲೇ ಇತ್ತು.

“ಜನ್ಮಾ ಪೂರ್ತಿ ಮಂದಿ ಸರಿ ಅಂದಾಗೆಲ್ಲಾ ಸರದೇನಿ. ಯಾಕ ಸರಿಬೇಕು ಅಂತ ಒಬ್ಬರೂ ಹೇಳಿದ್ದಿಲ್ಲ. ನೀ ಹೇಳಿದ್ರ, ಹಣ್ಣಿನ ಸಲುವಾಗಿ ಅಂತ ತಿಳೀತಿತ್ತು. ಅಷ್ಟೂ ತಿಳಿಯಂಗಿಲ್ಲ ಇವಂಗ ಅಂತ ತಿಳಕೊಂಡಿದ್ದಿಯೇನು ನೀನು?”

ಸಿಟ್ಟಿನಿಂದ ಕೇಳಲಿಲ್ಲ. ಉತ್ತರ ಬೇಕಾಗಿಯೇ ಕೇಳಿದ. ಇಲ್ಲಪ್ಪಾ ಎನ್ನಲು ಬಾಯಿ ತೆರೆದೆ. ಆದರೆ ಆ ದಿನ ಅಂಗಳದಲ್ಲಿ, ಕೈಯಲ್ಲಿ ಕಟರ್ ಹಿಡಿದುಕೊಂಡು, ನಾನು ಅವನ ಬಗ್ಗೆ ಮಾಡಿದ ಲೆಕ್ಕ ಅದೇ ಆಗಿತ್ತು.